ಅಕ್ಕೋರು ಹಾಕಿದ ಒಂದೇ ತಕರಾರು

ಚಾಮರಾಜನಗರದಲ್ಲಿ ನಾವು ವಕೀಲರೆಲ್ಲ ಸೇರಿ ಅಕ್ಕೋರಿಗೆ ಶ್ರದ್ಧಾಂಜಲಿ ಸಭೆ ನಡೆಸಿದಾಗ ನನಗೆ ಮಾತಾಡಲು ಎರಡು ನಿಮಿಷ ಕೊಟ್ಟರು. ಅವರ ಜೂನಿಯರ್‌ಗಳೆಲ್ಲ ಸಾಕಷ್ಟು ಮಾತಾಡಿ, ಕಣ್ಣೊರೆಸಿಕೊಂಡು ಕೂತಮೇಲೆ, ಎಲ್ಲರ ಹೊಟ್ಟೆಯೂ ಚುರುಗುಟ್ಟುವ ಹೊತ್ತಿಗೆ ನನ್ನ ಸರದಿ ಬಂತು. ನಾನೇನೂ ಬೇಸರ ಮಾಡಿಕೊಳ್ಳಲಿಲ್ಲ. ಸರ್ಕಾರಿ ವಕೀಲನಾಗಿ ವರ್ಷಗಟ್ಟಲೆ ಅವರ ವಿರುದ್ಧ ವಾದಿಸಿದವನು ನಾನು. ಸಂತಾಪ ಸಭೆಯಲ್ಲಿ ಎದುರು ವಕೀಲನಿಗೆ ಮೈಕು ಸಿಕ್ಕಿದ್ದೇ ದೊಡ್ಡದು. ಆದರೆ ಎದುರು ವಕೀಲ ಅಂತ ಹೆಸರಿಗೆ ಹೇಳುತ್ತಾರಷ್ಟೆ, ಕೋರ್ಟಿನಲ್ಲಿ ಅವನು ನಿಲ್ಲುವುದು ಪಕ್ಕದಲ್ಲೇ. ಜೂನಿಯರ್‌ಗಳು ಫೈಲು ಹಿಡಿದು ಅವರ ಬೆನ್ನ ಹಿಂದೆ ನಿಂತರು, ನಾನು ಮಗ್ಗುಲಲ್ಲೇ ನಿಂತೆ. ಅವರು ಸಿಟ್ಟು ಬಂದಾಗ ಮೇಜಿನ ಅಂಚನ್ನು ಹೆಬ್ಬೆರಳಿನಿಂದ ಉಜ್ಜುತ್ತಿದ್ದದ್ದು ನನಗಲ್ಲದೆ ಬೇರೆ ಯಾರಿಗೆ ಕಾಣಬೇಕು? ಎರಡು ನಿಮಿಷಕ್ಕೆ ಹಿಡಿಸದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಹೆಸರು ಬರೆಯುವುದಿಲ್ಲ. ಇಡೀ ಕೋರ್ಟು ಅವರನ್ನು ಕರೆಯುತ್ತಿದ್ದದ್ದು ಅಕ್ಕೋರೇ ಅಂತ. ಹೊಸದಾಗಿ ಬಂದ ನ್ಯಾಯಾಧೀಶರು ಮೊದಲ ತಿಂಗಳು 'ಮೇಡಂ' ಅನ್ನುತ್ತಿದ್ದರು, ಆಮೇಲೆ ಅವರ ಬಾಯಲ್ಲೂ ಅಕ್ಕೋರೇ ಬಂದುಬಿಡುತ್ತಿತ್ತು. ಗುಂಡ್ಲುಪೇಟೆಯ ಹತ್ತಿರ ಹೊಲ ಮನೆ ಇದ್ದ ಕುಟುಂಬ ಅವರದು. ಅಣ್ಣಂದಿರು ಅರಿಶಿನ, ಹೂವು ಬೆಳೆಯುತ್ತಿದ್ದರು. "ನನಗೆ ಪಾಲು ಗೀಲು ಬ್ಯಾಡ, ಓದ್ಸಿ ಸಾಕು ಅಂದೆ ಕಣ್ರೀ. ಅಗ್ಗದಲ್ಲಿ ಮುಗೀತು ಅಂತ ಒಪ್ಕಂಡ್ರು. ಇವ್ಳು ಲಾಯರ್ ಆಗಿ ಪಾಲಿನ ಕೇಸ್ಗಳ್ನೇ ನಡಿಸ್ತಾಳೆ ಅಂತ ಪಾಪ ಅವರಿಗೇನು ಗೊತ್ತು" ಎಂದು ನಗುತ್ತಿದ್ದರು.

ದಿನಾ ಗುಂಡ್ಲುಪೇಟೆಯಿಂದ ತೆರಕಣಾಂಬಿ ಮೇಲೆ ಬರುವ ಬಸ್ಸಿನಲ್ಲಿ, ಡ್ರೈವರ್ ಹಿಂದಿನ ಸೀಟಿನಲ್ಲಿ ಬರುತ್ತಿದ್ದರು. ಆ ಸೀಟಿನಲ್ಲಿ ಬೇರೆ ಯಾರಾದರೂ ಕೂತರೆ ಕಂಡಕ್ಟರೇ ಎಬ್ಬಿಸುತ್ತಿದ್ದ. ಅದಕ್ಕೆ ಬದಲಾಗಿ ಅವನ ತಂಗಿಯ ಜೀವನಾಂಶದ ಕೇಸಿಗೆ ಬಸ್ಸಿನಲ್ಲೇ ಸಲಹೆ ನಡೆಯುತ್ತಿತ್ತು. ಓಣಂ ಹತ್ತಿರ ಬಂತೆಂದರೆ ಬಸ್ಸಿನ ತುಂಬ ಕೇರಳಕ್ಕೆ ಹೋಗುವ ಚೆಂಡು ಹೂವಿನ ವಾಸನೆ, ಅದನ್ನು ಸೀರೆಯಲ್ಲಿ ಹೊತ್ತುಕೊಂಡೇ ಅವರು ಕೋರ್ಟಿಗೆ ಬರುತ್ತಿದ್ದರು. ಕೇರಳ ಗಡಿಯ ಕಡೆಯಿಂದ ಬಂದ ಲಾರಿಯವರ ಹತ್ತಿರ ಮಲಯಾಳ, ಪುಣಜನೂರಿನ ಆಚೆಯಿಂದ ಬಂದವರ ಹತ್ತಿರ ತಮಿಳು. ಎರಡೂ ಅರೆಬರೆ. ಆದರೆ ಕಕ್ಷಿದಾರರು ಬೆಕ್ಕಸಬೆರಗಾಗಿ ಅವರಿಗೇ ಕೇಸು ಕೊಟ್ಟುಬಿಡುತ್ತಿದ್ದರು.

ಅವರು ದೊಡ್ಡ ವಾಗ್ಮಿ ಎಂದು ಸಭೆಯಲ್ಲಿ ಯಾರೋ ಹೇಳಿದರು. ಸುಳ್ಳು. ದನಿ ಸಣ್ಣದು, ಫ್ಯಾನು ತಿರುಗುತ್ತಿದ್ದರೆ ಅರ್ಧ ಕೇಳುತ್ತಿರಲಿಲ್ಲ. ಪಾಟೀಸವಾಲಿನಲ್ಲಿ ಸಾಕ್ಷಿ ಕಣ್ಣಲ್ಲಿ ನೀರು ಹಾಕಿದರೆ ಇವರೇ ಮೆತ್ತಗಾಗಿ ಕೂತುಬಿಡುತ್ತಿದ್ದರು. ನಾನು ವಾದ ಮಾಡುವಾಗ ನಿದ್ದೆ ಹೋಗುತ್ತಿದ್ದರು, ಇದನ್ನು ನಾನು ಅವಮಾನವೆಂದೇ ಎಣಿಸಿದ್ದೆ. ಕ್ಯಾಂಟೀನಿನಲ್ಲಿ ಮಾತ್ರ ಯಾರ ಸಾಲನ್ನೂ ಲೆಕ್ಕಿಸದೆ ಮುಂದೆ ನುಗ್ಗುತ್ತಿದ್ದರು. "ವಯಸ್ಸಾದವ್ಳು ಕಣಪ್ಪ" ಎನ್ನುತ್ತಿದ್ದರು, ನಲವತ್ತನೇ ವಯಸ್ಸಿನಿಂದಲೂ.

ಇನ್ನೊಂದು ಅಭ್ಯಾಸ. ಯಾರಾದರೂ ಕೈ ಮುಗಿದುಕೊಂಡು ಮುಂದೆ ನಿಂತರೆ ರೇಗುತ್ತಿದ್ದರು. "ಕೈ ಕೆಳಕ್ಕಿಳಿಸ್ಲಾ. ನೀನು ಕೈ ಮುಕ್ಕಂಡು ನಿಂತ್ರೆ ಕಾಗದ ಯಾರು ಇಡ್ಕಳದು?" ಎನ್ನುತ್ತಿದ್ದರು.

ನಮ್ಮ ಕಡೆ ಮನೆಯಿಂದ ಮನೆಗೆ ಸಾರೋ ಪಲ್ಯವೋ ಹೋದರೆ ಪಾತ್ರೆಯನ್ನು ಬರಿದಾಗಿ ವಾಪಸ್ಸು ಕೊಡುವುದಿಲ್ಲ, ಒಂದು ಉಂಡೆ ಬೆಲ್ಲವಾದರೂ ಹಾಕಿ ಕೊಡುತ್ತಾರೆ. ಎಲ್ಲರ ಮನೆಯಲ್ಲೂ ಇರುವ ಪದ್ಧತಿ. ನನ್ನ ಹೆಂಡತಿ ಒಮ್ಮೆ ಅವರಿಗೆ ಚಟ್ನಿಪುಡಿ ಕಳಿಸಿದ್ದಕ್ಕೆ ಡಬ್ಬಿ ತುಂಬ ಅವರೆಕಾಳು ಬಂತು, ಅದಕ್ಕೆ ಇವಳು ಉಪ್ಪಿನಕಾಯಿ ಕಳಿಸಿದಳು, ಆ ಡಬ್ಬಿ ಇಬ್ಬರ ಮಧ್ಯೆ ವರ್ಷಾನುಗಟ್ಟಲೆ ಓಡಾಡಿತು. ಆದರೆ ಈ ಪದ್ಧತಿಯನ್ನು ಕೋರ್ಟಿಗೆ ತಂದವರು ಅಕ್ಕೋರು ಒಬ್ಬರೇ. ದಾವೆಯಲ್ಲಿ ಎದುರು ಪಕ್ಷದ ಹತ್ತಿರ ಇರುವ ದಾಖಲೆ ಬೇಕಾದರೆ ಕೊಡಿಸಿ ಎಂದು ಅರ್ಜಿ ಹಾಕಬಹುದು, ಅವರಿಗೆ ಪ್ರಶ್ನೆ ಬರೆದು ಕಳಿಸಿ ಪ್ರಮಾಣ ಮಾಡಿ ಉತ್ತರ ಕೊಡಿ ಎನ್ನಬಹುದು. ನಾವೆಲ್ಲ ಮಾಡುವುದು ಏನು? ಕೇಳುವಾಗ ಗುಡ್ಡದಷ್ಟು ಕೇಳುತ್ತೇವೆ, ಕೊಡುವಾಗ ಸಾಸಿವೆಯಷ್ಟೂ ಕೊಡುವುದಿಲ್ಲ. ಅಕ್ಕೋರು ಕೇಳುವುದಕ್ಕೆ ಮೊದಲು ತಮ್ಮ ಕಡೆಯದನ್ನೆಲ್ಲ ತಂದು ಮೇಜಿನ ಮೇಲೆ ಇಟ್ಟುಬಿಡುತ್ತಿದ್ದರು, ತಮ್ಮ ಕಕ್ಷಿದಾರನಿಗೆ ಕೆಟ್ಟದಾಗುವುದನ್ನೂ ಸೇರಿಸಿ.

"ಎದುರುಮನೆಯಿಂದ ಸಾರು ಬರ್ಬೇಕಂದ್ರೆ ನಮ್ಮ ಪಾತ್ರೆ ಮೊದ್ಲು ಓಗ್ಬೇಕು" ಎನ್ನುತ್ತಿದ್ದರು. ಜೂನಿಯರ್‌ಗಳು ತಲೆ ಚಚ್ಚಿಕೊಳ್ಳುತ್ತಿದ್ದರು. ಎಷ್ಟೋ ಕೇಸು ಹೀಗೇ ಸೋತರು. ಗೆದ್ದದ್ದೂ ಉಂಟು, ಯಾಕೆಂದರೆ ಅವರು ಇಲ್ಲ ಎಂದರೆ ನಿಜವಾಗಿ ಇಲ್ಲ ಎಂದು ನ್ಯಾಯಾಧೀಶರಿಗೆ ಗೊತ್ತಿತ್ತು.

ನಾನು ಹೇಳಹೊರಟದ್ದು ಕೈದಿಯ ಕಾಲಿನ ದಾವೆಯ ವಿಷಯ. ಗುಂಡ್ಲುಪೇಟೆ ತಾಲ್ಲೂಕಿನ ಒಬ್ಬ ಕೂಲಿಯವನು ಬದುವಿನ ಜಗಳದಲ್ಲಿ ಒಬ್ಬನಿಗೆ ಗುದ್ದಲಿಯಲ್ಲಿ ಹೊಡೆದು ಜೈಲಿಗೆ ಹೋಗಿದ್ದ. ಯಾವ ಜೈಲು ಎಂಬುದು ಇಲ್ಲಿ ಬೇಡ. ಸಕ್ಕರೆ ಕಾಯಿಲೆ ಇತ್ತು. ಬಲಗಾಲಿನಲ್ಲಿ ಹುಣ್ಣಾಯಿತು. ಜೈಲಿನಲ್ಲಿ ಮುಲಾಮು, ನೋವಿನ ಮಾತ್ರೆ ಕೊಟ್ಟುಕೊಂಡು ತಿಂಗಳುಗಳು ಕಳೆದವು. ಹುಣ್ಣು ಕೊಳೆತು ಕೊನೆಗೆ ಮೊಣಕಾಲಿನ ಕೆಳಗೆ ಕಾಲನ್ನೇ ತೆಗೆಯಬೇಕಾಯಿತು. ಸರಿಯಾಗಿ ಚಿಕಿತ್ಸೆ ಕೊಡಿಸಲಿಲ್ಲ ಎಂದು ಅವನು ಸರ್ಕಾರದ ಮೇಲೆ ದಾವೆ ಹಾಕಿದ. ಅವನ ಕಡೆ ಅಕ್ಕೋರು, ಸರ್ಕಾರದ ಕಡೆ ನಾನು.

ನನ್ನ ಹತ್ತಿರ ಒಂದು ತುರುಪು ಎಲೆ ಇತ್ತು. ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೇವೆಂದರೂ ಆ ಕೈದಿ ಕೆಲವು ಸಲ 'ಬರಲ್ಲ' ಎಂದು ಹೆಬ್ಬೆಟ್ಟು ಒತ್ತಿ ಕೊಟ್ಟಿದ್ದ ಕಾಗದಗಳು. ತಾನೇ ಬೇಡವೆಂದ ಮೇಲೆ ಸರ್ಕಾರದ ತಪ್ಪೇನು? ಆ ಎಲೆಯನ್ನು ಕೊನೆಯಲ್ಲಿ ಎಸೆಯಬೇಕೆಂದು ಜೋಪಾನ ಮಾಡಿದ್ದೆ. ಅಕ್ಕೋರು ಮೊದಲ ದಿನವೇ ಎದ್ದು ನಿಂತು, "ನನ್ನ ಕಕ್ಷಿದಾರ ಆಸ್ಪತ್ರೆಗೆ ಹೋಗಲ್ಲ ಅಂತ ಕೆಲವು ಸಲ ಹೇಳಿದ್ದಾನೆ, ಇದನ್ನ ನಾವು ಒಪ್ಕೋತೀವಿ" ಎಂದು ಹೇಳಿ, ಬರೆದೂ ಕೊಟ್ಟರು. ನನ್ನ ತುರುಪು ಎಲೆ ಅಲ್ಲೇ ಬಾಡಿಹೋಯಿತು. ಆಮೇಲೆ ಮೆತ್ತಗೆ ತಮ್ಮ ಪಾತ್ರೆ ಚಾಚಿದರು. ಅವನನ್ನು ಯಾವ ಡಾಕ್ಟರು ಯಾವಾಗ ನೋಡಿದರು ಎಂದು ಜೈಲಿನಲ್ಲಿ ಬರೆದಿಟ್ಟದ್ದು ಬೇಕು, ಅಷ್ಟೆ.

ಕೊಡಬಾರದೆಂದು ನನಗೆ ಮೇಲಿನಿಂದ ಸೂಚನೆ ಇತ್ತು. ನಾನು ನನ್ನ ಕೆಲಸ ಮಾಡಿದೆ, ಅದರ ಬಗ್ಗೆ ನನಗೆ ಇವತ್ತಿಗೂ ಸಂಕೋಚವಿಲ್ಲ. ಮೊದಲು ಭದ್ರತೆ ಎಂದೆ. ಆಮೇಲೆ ಗೌಪ್ಯತೆ ಎಂದೆ. ಆಮೇಲೆ ಹುಡುಕುತ್ತಿದ್ದೇವೆ ಎಂದೆ. ಕೊನೆಗೆ ಆ ಕಪಾಟಿಗೆ ಗೆದ್ದಲು ಹಿಡಿದಿದೆ ಎಂದು ಜೈಲಿನವರು ಬರೆದು ಕಳಿಸಿದ್ದನ್ನು ಮುಖ ಗಂಟು ಹಾಕಿಕೊಂಡು ಓದಿದೆ.

"ಹಾಗಾದ್ರೆ ಗೆದ್ದಲಿಗೇ ಸಮನ್ಸ್ ಕಳಿಸೋಣ, ಮಹಾಸ್ವಾಮಿ" ಎಂದರು ಅಕ್ಕೋರು. ಇಡೀ ಕೋರ್ಟು ನಕ್ಕಿತು. ನಾನೂ ನಕ್ಕೆ, ಏನು ಮಾಡುವುದು. ಇಂಥ ವಾಯಿದೆಗಳ ದಿನವೂ ಅವರು ಅಣ್ಣಂದಿರ ಹೊಲದ ಏಲಕ್ಕಿ ಬಾಳೆಹಣ್ಣು ತಂದು ನನ್ನ ಮುಂದಿಡುತ್ತಿದ್ದರು. "ತಿನ್ನಿ ಜೀಪಿ ಸಾಹೇಬ್ರೇ, ಇಲ್ಲ ಇಲ್ಲ ಅಂತ ಏಳಾಕೂ ಶಕ್ತಿ ಬೇಕಲ್ವ" ಎನ್ನುತ್ತಿದ್ದರು. ಜೀಪಿ ಎಂದರೆ ಸರ್ಕಾರಿ ವಕೀಲ. ಸಾಹೇಬ್ರೇ ಎಂಬುದು ಅವರು ಸೇರಿಸಿದ್ದು, ಅದರಲ್ಲಿ ಗೌರವಕ್ಕಿಂತ ಚೇಷ್ಟೆಯೇ ಹೆಚ್ಚು.

ಈ ಎಳೆದಾಟ ನಡೆಯುತ್ತಿರುವಾಗಲೇ ಕೈದಿಯ ಎಡಗಾಲಿನಲ್ಲೂ ಹುಣ್ಣು ಕಾಣಿಸಿಕೊಂಡಿತು. ಅಲ್ಲಿಂದಾಚೆ ಅಕ್ಕೋರು ಬಾಳೆಹಣ್ಣು ತರಲಿಲ್ಲ. ದಾಖಲೆಯ ಮಾತು ಬಿಟ್ಟು, ಮೊದಲು ಇವನನ್ನು ಮೈಸೂರಿನ ಯಾವುದಾದರೂ ಆಸ್ಪತ್ರೆಗೆ ಕಳಿಸಿ ಎಂದು ತುರ್ತು ಅರ್ಜಿ ಹಾಕಿದರು. ಜೈಲಿನವರು ಯಾವಾಗಲೂ ಕರೆದೊಯ್ಯುವ ಆಸ್ಪತ್ರೆ ಬೇಡ, ಬೇರೆ ಕಡೆಗೆ. ನಾನು ವಿರೋಧಿಸಿದೆ. ಬೆಂಗಾವಲು ಬೇಕು, ವಾಹನ ಬೇಕು, ಕೈದಿ ಹೇಳಿದ ಊರಿಗೆಲ್ಲ ಕರೆದೊಯ್ಯಲು ಆಗುತ್ತದೆಯೇ? ಹತ್ತಿರದ ಆಸ್ಪತ್ರೆಗೆ ಯಾಕೆ ಹೋಗುವುದಿಲ್ಲ ಎಂಬುದನ್ನು ಮೊದಲು ಹೇಳಲಿ. ಮೈಸೂರಿಗೆ ಕರೆದೊಯ್ದಾಗಲೂ ಬರಲ್ಲ ಎಂದರೆ? ಹೀಗೆಂದು ಕಾನೂನಿನ ಪ್ರಕಾರ ಪ್ರಶ್ನೆ ಬರೆದು ಕಳಿಸಿದೆ. 'ನೀನು ಆಸ್ಪತ್ರೆಗೆ ಹೋಗಲು ನಿರಾಕರಿಸಿದ ಕಾರಣವೇನು? ಪ್ರಮಾಣ ಮಾಡಿ ಉತ್ತರಿಸು.'

ಒಳ್ಳೆಯ ಪ್ರಶ್ನೆ ಎಂದು ನನಗೆ ಹೆಮ್ಮೆಯಿತ್ತು. ಉತ್ತರ ಬಾರದಿದ್ದರೆ ಅರ್ಜಿ ಬಿದ್ದುಹೋಗುತ್ತದೆ, ಬಂದರೆ ನನಗೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತದೆ. ಅಕ್ಕೋರು ಹೇಗೂ ಎಲ್ಲವನ್ನೂ ಕೊಡುವವರು, ಇದನ್ನೂ ಕೊಡುತ್ತಾರೆ ಎಂದುಕೊಂಡೆ. ಕೊಡಲಿಲ್ಲ. ಈ ಪ್ರಶ್ನೆಗೆ ಉತ್ತರ ಕೊಡಬೇಕಾಗಿಲ್ಲ ಎಂದು ತಕರಾರು ಹಾಕಿದರು. ಕೊಡುವ ವಿಷಯದಲ್ಲಿ ಅವರು ಜೀವಮಾನದಲ್ಲೇ ಹಾಕಿದ ತಕರಾರು ಅದೊಂದೇ.

ಅವತ್ತು ಕ್ಯಾಂಟೀನಿನಲ್ಲಿ ಅವರು ಸಾಲಿನಲ್ಲೇ ನಿಂತಿದ್ದರು. ನಾನು ಹತ್ತಿರ ಹೋದೆ. "ಅಕ್ಕೋರೇ, ಕಾರಣ ಹೇಳಿಬಿಡಿ. ಅದರಲ್ಲಿ ಸತ್ವ ಇದ್ದರೆ ಮೈಸೂರಿಗೆ ಕಳಿಸೋಕೆ ನಾನೇ ಒಪ್ಪಿಕೊಳ್ಳುತ್ತೇನೆ."

"ಅದು ನಂದಲ್ಲ ಕಣ್ರೀ, ತಗ್ದು ಕೊಡಾಕೆ."

"ಕಾಲು ಹೋಗುತ್ತಲ್ಲ."

"ಅವನ್ಗೂ ಅದನ್ನೇ ಅಂದೆ. ಓದ್ರೆ ಓಗ್ಲಿ, ಆ ಮಾತು ಮಾತ್ರ ಆಡ್ಬ್ಯಾಡಿ ಅಂದ. ಕಾಲೂ ಅವನ್ದೇ, ಮಾತೂ ಅವನ್ದೇ. ನಾ ಏನ್ ಮಾಡ್ಲಿ?" ಹೆಬ್ಬೆರಳು ಕೌಂಟರಿನ ಅಂಚನ್ನು ಉಜ್ಜುತ್ತಿತ್ತು. ಟೀ ತೆಗೆದುಕೊಳ್ಳದೆ ಹೊರಟುಹೋದರು.

ವಿಚಾರಣೆಯ ದಿನ ನ್ಯಾಯಾಧೀಶರಿಗೂ ಆಶ್ಚರ್ಯ. "ಎಲ್ಲಾ ಕೊಡೋರು ನೀವು, ಇದಕ್ಕೆ ಮಾತ್ರ ಯಾಕೆ ತಕರಾರು?" ಎಂದು ಕೇಳಿದರು. ಅಕ್ಕೋರು ಎದ್ದರು. ಫ್ಯಾನು ಆರಿಸುವಂತೆ ಬೇಡಿಕೊಂಡರು. ಅದು ನಾನು ಕಂಡ ಹಾಗೆ ಮೊದಲ ಸಲ.

"ಸರ್ಕಾರ ಕೇಳ್ತಿರೋದು ಬಹಳ ಒಳ್ಳೇ ಪ್ರಶ್ನೆ, ಮಹಾಸ್ವಾಮಿ. ಕೇಳಲೇಬೇಕಾದ್ದು. ಇವನು ಮೊದಲ ಸಲ ಬರಲ್ಲ ಅಂದ ದಿನ ಜೈಲಿನೋರು ಯಾರಾದ್ರೂ ಒಬ್ರು ಇವನ ಪಕ್ಕ ಕೂತು, 'ಯಾಕಪ್ಪ, ಏನಾಯ್ತು' ಅಂತ ಇದನ್ನೇ ಕೇಳಿದ್ರೆ ಇವತ್ತು ಎರಡು ಕಾಲಿನ ಮೇಲೆ ನಿಂತಿರ್ತಿದ್ದ. ಅವತ್ತು ಕೇಳ್ಲಿಲ್ಲ, ಹೆಬ್ಬೆಟ್ಟು ಒತ್ತಿಸ್ಕೊಂಡ್ರು. ಇವತ್ತು ಕೇಳ್ತಿರೋದು ಕಾಲು ಉಳಿಸೋಕಲ್ಲ, ದಾವೆ ಉಳಿಸ್ಕೊಳ್ಳೋಕೆ. ಕಾರಣ ನನಗೆ ಗೊತ್ತು. ನನಗೆ ನಂಬಿ ಹೇಳಿದ್ದಾನೆ. ನಾನು ಹೇಳೋದಿಲ್ಲ. ಅವನು ಚಿಕಿತ್ಸೆ ಬೇಡ ಅಂದಿಲ್ಲ, ಆ ಒಂದು ಬಾಗಿಲು ಬೇಡ ಅಂದಿದ್ದಾನೆ. ಬೇರೆ ಬಾಗಿಲು ತೋರಿಸಿ ಅಂತ ಕೇಳ್ತಿದ್ದೀನಿ."

ನ್ಯಾಯಾಧೀಶರು ನನ್ನ ಕಡೆ ತಿರುಗಿ, ಅವತ್ತು ಯಾರಾದರೂ ಕಾರಣ ಕೇಳಿದ್ದಕ್ಕೆ ಏನಾದರೂ ಆಧಾರ ಇದೆಯೇ ಎಂದರು. ಪರಿಶೀಲಿಸಿ ತಿಳಿಸುತ್ತೇನೆ ಎಂದೆ. "ನೀವು ಪರಿಶೀಲಿಸೋದರಲ್ಲಿ ಆ ಕಾಲೂ ಹೋಗಿರುತ್ತೆ" ಎಂದರು. ನನ್ನ ಪ್ರಶ್ನೆಯನ್ನು ತಳ್ಳಿಹಾಕಿ, ಕೈದಿಯನ್ನು ಆ ವಾರದಲ್ಲೇ ಮೈಸೂರಿಗೆ ಕರೆದೊಯ್ಯಲು, ಗೆದ್ದಲು ತಿಂದು ಉಳಿಸಿದ ದಾಖಲೆಯನ್ನೆಲ್ಲ ಕೋರ್ಟಿಗೆ ತರಲು ಆದೇಶ ಮಾಡಿದರು. ದಾಖಲೆ ಬಂತು. ಗೆದ್ದಲು ಹತ್ತಿರವೂ ಸುಳಿದಿರಲಿಲ್ಲ. ಅವನನ್ನು ಬಹುಕಾಲ ಯಾವ ಡಾಕ್ಟರೂ ನೋಡಿರಲಿಲ್ಲ ಎಂಬುದಷ್ಟೇ ಅದರಲ್ಲಿ ಇದ್ದದ್ದು. ದಾವೆಯ ಉಳಿದ ಭಾಗ ಇನ್ನೂ ಮೇಲಿನ ಕೋರ್ಟಿನಲ್ಲಿ ತೆವಳುತ್ತಿದೆ. ಆದರೆ ಎಡಗಾಲು ಉಳಿಯಿತು.

ನನಗೆ ಬಹಳ ದಿನ ಉರಿ ಇತ್ತು. ಸೋತದ್ದಕ್ಕಲ್ಲ. ಸರ್ಕಾರಿ ವಕೀಲನಿಗೆ ಸೋಲು ಅಭ್ಯಾಸ. ಕಾರಣ ಏನೆಂದು ಗೊತ್ತಾಗಲಿಲ್ಲವಲ್ಲ ಎಂದು. ಗೋಪಾಲಸ್ವಾಮಿ ಬೆಟ್ಟಕ್ಕೆ ಅವರು ವರ್ಷಕ್ಕೊಮ್ಮೆ ಜೂನಿಯರ್‌ಗಳನ್ನು ಕರೆದುಕೊಂಡು ಹೋಗುತ್ತಿದ್ದರು, ಆ ಸಲ ನನ್ನನ್ನೂ ಎಳೆದುಕೊಂಡು ಹೋದರು. ಮಂಜಿನಲ್ಲಿ ಸೆರಗು ಬಿಗಿಯಾಗಿ ಹೊದ್ದು ಕಟ್ಟೆಯ ಮೇಲೆ ಕೂತಿದ್ದವರನ್ನು ಮತ್ತೆ ಕೇಳಿದೆ. "ಇಲ್ಲಾದ್ರೂ ಸುಮ್ನೆ ಕೂತ್ಕಳ್ರೀ ತಮ್ಮ" ಎಂದರು. ಸಾಹೇಬ್ರೇ ಹೋಗಿ ತಮ್ಮ ಬಂದದ್ದು ಅವತ್ತಿನಿಂದ. ಆಮೇಲೆ ನಾನು ಕೇಳಲಿಲ್ಲ.

ಅವರು ತೀರಿಕೊಂಡ ಮೇಲೆ ಶಿವಗಣಾರಾಧನೆಗೆಂದು ಗುಂಡ್ಲುಪೇಟೆಗೆ ಹೋಗಿದ್ದೆ. ಮನೆ ಮುಂದೆ ಶಾಮಿಯಾನ, ಜನವೋ ಜನ. ಊಟ ಮುಗಿಸಿ ಹೊರಗೆ ಬಂದಾಗ ಒಬ್ಬ ಊರುಗೋಲು ಊರಿಕೊಂಡು ನನ್ನ ಮುಂದೆ ಬಂದು ನಿಂತ. ಒಂದು ಕಾಲು ಕೃತಕದ್ದು. ಅವನ ಹಿಂದೆ ಮೂವತ್ತರ ಆಸುಪಾಸಿನ ಒಬ್ಬ ಹೆಣ್ಣುಮಗಳು.

"ಸಾಮಿ, ಗುರ್ತು ಸಿಕ್ತಾ? ನೀವು ಸರ್ಕಾರದ ಲಾಯರ್ರು" ಎಂದ. ಗುರುತು ಸಿಗದೆ ಇರುತ್ತದೆಯೇ. ಶಿಕ್ಷೆ ಮುಗಿಸಿ ಬಂದಿದ್ದ.

"ಆಸ್ಪತ್ರೆಗೆ ಯಾಕೆ ಓಗ್ನಿಲ್ಲ ಅಂತ ಕೇಳಿದ್ರಲ್ಲ. ಈಗ ಜೈಲೂ ಮುಗೀತು, ಅಕ್ಕೋರೂ ಓಗ್ಬುಟ್ರು. ಏಳ್ಬುಡ್ತೀನಿ. ಇವ್ಳು ನನ್ ಮಗ್ಳು. ಆ ಆಸ್ಪತ್ರೇಲೇ ನರ್ಸು. ಮೊದ್ಲ್ ದಪ ನನ್ ಕೈಗೆ ಕೋಳ ಆಕಿ ಕರ್ಕಂಡೋದಾಗ ಬಾಗಿಲಲ್ಲೇ ನಿಂತಿದ್ಲು, ಜೊತೇಲಿ ಬೇರೆ ನರ್ಸಮ್ಮದೀರೂ ಇದ್ರು. ಅವ್ರಿಗೆ ಇವಳಪ್ಪ ಜೈಲಲ್ಲವ್ನೆ ಅಂತ ಗೊತ್ತಿರ್ನಿಲ್ಲ. ಪುಣ್ಯಕ್ಕೆ ಇವ್ಳು ನನ್ನ ನೋಡ್ನಿಲ್ಲ. ನಾನೇ ಮುಖ ತಿರುಗ್ಸ್ಕಂಡು ವ್ಯಾನ್ ಅತ್ಬುಟ್ಟೆ. ಆಮೇಕೆ ಯಾರ್ ಕರುದ್ರೂ ಓಗ್ನಿಲ್ಲ."

ಅಷ್ಟು ಹೇಳಿ, ನಿಂತು ಕಾಲು ಸೋತಿತೆಂದು ಗೋಡೆ ಪಕ್ಕದ ಬೆಂಚಿನ ಕಡೆ ನಡೆದ. ಮಗಳು ಅಲ್ಲೇ ನಿಂತಳು.

"ಸರ್, ಅಪ್ಪನಿಗೆ ಪೂರ್ತಿ ಗೊತ್ತಿಲ್ಲ" ಎಂದಳು, ದನಿ ತಗ್ಗಿಸಿ. "ನಾನು ನೋಡ್ದೆ ಸರ್. ಅಪ್ಪನಿಗಿಂತ ಮೊದ್ಲೇ ನೋಡ್ದೆ. ಜೊತೇಲಿದ್ದೋರ್ಗೆ ಗೊತ್ತಾಗ್ಬುಡ್ತದೆ ಅಂತ ಬೆನ್ನು ಆಕಿ ಒಳಕ್ಕೋದೆ. ಒಂದು ಕಾಲು ತಗುದ್ರು, ಇನ್ನೊಂದ್ರಲ್ಲೂ ಹುಣ್ಣಾಯ್ತು ಅಂತ ಗೊತ್ತಾದ್ಮೇಲೆ ಅಕ್ಕೋರ ಮನೆಗೆ ಬಂದು ಎಲ್ಲಾ ಹೇಳ್ದೆ. ಕೋರ್ಟಿಗೂ ಬಂದು ಹೇಳ್ತೀನಿ, ಅದ್ರಿಂದ ಇನ್ನೊಂದು ಕಾಲು ಉಳಿಯೋದಾದ್ರೆ ಉಳೀಲಿ ಅಂದೆ. ಅಕ್ಕೋರು ಬ್ಯಾಡ ಅಂದ್ರು. 'ಅಲ್ಲಿ ಏಳುದ್ರೆ ನಿಮ್ಮಪ್ಪ ಎಲ್ಲಾರ ಮುಂದೆ ನಿಂತು ಕೇಳ್ಬೇಕಾಯ್ತದೆ ಕಣಮ್ಮಿ. ಆ ಕಾಲು ಉಳಿಸದು ನನ್ ಕೆಲ್ಸ. ಇದ ನೀನು ಮನೇಲಿ ನಿಮ್ಮಪ್ಪಂಗೇ ಏಳು' ಅಂದ್ರು."

"ಹೇಳಿದೆಯಾ?"

"ಇಲ್ಲ ಸರ್. ದಿನಾ ಕಾಲು ನೋಡುವಾಗ ಹೇಳಣ ಅನ್ಕೋತೀನಿ."

ನನಗೆ ಆಗ ತಿಳಿಯಿತು. ಅಪ್ಪ ಮಗಳಿಗೆ ತಿಳಿಯಬಾರದೆಂದು ಬಚ್ಚಿಟ್ಟದ್ದು, ಮಗಳು ಅಪ್ಪನಿಗೆ ಹೇಳಲಾರದೆ ನುಂಗಿಕೊಂಡದ್ದು, ಎರಡನ್ನೂ ಹೊತ್ತುಕೊಂಡು ಅಕ್ಕೋರು ನನ್ನ ಪಕ್ಕದಲ್ಲಿ ನಿಂತಿದ್ದರು. ಇದೊಂದು ಮಾತು ಹೇಳಿದ್ದರೆ ಅರ್ಜಿ ಸುಲಭವಾಗಿ ಗೆಲ್ಲುತ್ತಿತ್ತು. ಹೇಳದೆ ಗೆಲ್ಲುವ ಕಷ್ಟದ ದಾರಿ ಹಿಡಿದರು. ಇಷ್ಟು ವರ್ಷ ಅವರನ್ನು ಗೌರವಿಸಿದ್ದೆ, ರೇಗಿಸಿದ್ದೆ. ಅವರ ಮೇಲೆ ಎಷ್ಟು ಪ್ರೀತಿ ಇತ್ತೆಂದು ತಿಳಿದದ್ದು ಆ ಶಾಮಿಯಾನದ ಕೆಳಗೆ. ಕಣ್ಣು ತುಂಬಿಬಂತು.

ಅವಳು ಬೆಂಚಿನ ಹತ್ತಿರ ಹೋಗಿ ನೆಲದ ಮೇಲೆ ಕೂತು ಅಪ್ಪನ ಎಡಗಾಲಿನ ಚಪ್ಪಲಿ ತೆಗೆದಳು. ಸಕ್ಕರೆ ಕಾಯಿಲೆಯವರ ಕಾಲನ್ನು ನೋಡುವ ಹಾಗೆ ಅಂಗಾಲು ಸವರಿ, ಹಿಮ್ಮಡಿ ಒತ್ತಿ ನೋಡಿದಳು. ಊಟಕ್ಕೆ ಹೋಗುವವರು, ಬರುವವರು ಬಳಸಿಕೊಂಡು ನಡೆಯುತ್ತಿದ್ದರು. ನಾನು ನನ್ನ ಚಪ್ಪಲಿ ಹುಡುಕುತ್ತಾ ಪಕ್ಕದಲ್ಲೇ ಇದ್ದೆ.

"ಅಪ್ಪ" ಎಂದಳು, ತಲೆ ಎತ್ತದೆ. "ಅವತ್ತು ಬಾಗಿಲಲ್ಲಿ ನಾನು ನಿನ್ನ ನೋಡ್ದೆ. ನೋಡಿ ಬೆನ್ನು ತಿರುಗಿಸ್ಕಂಡು ಒಳಕ್ಕೋದೆ."

ಅವನು ಊರುಗೋಲನ್ನು ಪಕ್ಕಕ್ಕಿಟ್ಟ. ಆಮೇಲೆ ಅವಳ ತಲೆಯ ಮೇಲೆ ಕೈ ಇಟ್ಟ.

"ಗೊತ್ತಿತ್ತು ಕಣಮ್ಮಿ. ನೀ ತಿರುಗ್ಕಂಡದ್ದ ನೋಡೇ ನಾ ವಾಪಸ್ ಬಂದದ್ದು. ಕಾಲ್ ನೋಡು ಈಗ, ಕಿರುಬೆಳ್ಳಿನ ಸಂದೀಲಿ ಏನೋ ಚುಚ್ತದೆ."